ನಾಯಿ ಬೊಗಳದ ಮನೆ

ನಾನು ಒಂದು ಮೈಕು. ಮೈಯೆಲ್ಲ ಕಿವಿಯಾಗಿರುವುದರಿಂದಲೇ ನನಗೆ ಈ ಹೆಸರು ಬಂತೆಂದು ಬಹಳ ಕಾಲ ನಂಬಿಕೊಂಡು ಬೀಗುತ್ತಿದ್ದೆ. ಆಮೇಲೆ ಗೊತ್ತಾಯಿತು, ಅದು ಯಾವುದೋ ಉದ್ದನೆಯ ಇಂಗ್ಲಿಷ್ ಹೆಸರಿನ ಬಾಲ ಕತ್ತರಿಸಿದ ಮೇಲೆ ಉಳಿದ ತಲೆ ಎಂದು. ಬೇಸರವೇನಿಲ್ಲ. ಈ ಊರಿಗೆ ಬಂದು ಬಾಲ ಉಳಿಸಿಕೊಂಡವರನ್ನು ನಾನು ಹೆಚ್ಚು ನೋಡಿಲ್ಲ.

ಹುಟ್ಟಿದ್ದು ಸಮುದ್ರದಾಚೆಯ ಒಂದು ಚಳಿ ದೇಶದ ಕಾರ್ಖಾನೆಯಲ್ಲಿ. ಕನ್ನಡಕ ಹಾಕಿದ ಒಬ್ಬ ಹೆಂಗಸು ಉಸಿರು ಬಿಗಿಹಿಡಿದು, ಈರುಳ್ಳಿಯ ಒಳಸಿಪ್ಪೆಗಿಂತ ತೆಳುವಾದ ಒಂದು ಹಾಳೆಯನ್ನು ನನ್ನ ಎದೆಯೊಳಗೆ ಕೂರಿಸಿದಳು. ನನಗೆ ಕಿವಿಯೂ ಅದೇ, ಎದೆಯೂ ಅದೇ. ಮನುಷ್ಯರಿಗೆ ಕಿವಿಯಿಂದ ಎದೆಗೆ ಬಹಳ ದೂರವಿರುತ್ತದೆ. ಕೆಲವರಿಗಂತೂ ದಾರಿಯೇ ಇರುವುದಿಲ್ಲ. ನನಗೆ ಆ ಅನುಕೂಲವಿಲ್ಲ. ಕೇಳಿದ್ದೆಲ್ಲ ನೇರವಾಗಿ ತಾಗುತ್ತದೆ.

ನೀಲಿ ಮಖಮಲ್ಲಿನ ಹಾಸಿಗೆ ಹಾಕಿದ ಪೆಟ್ಟಿಗೆಯಲ್ಲಿ ಮಲಗಿಕೊಂಡು ಹಡಗು ಹತ್ತಿ, ರೈಲು ಹತ್ತಿ, ಮೈಸೂರು ಸೀಮೆಯ ಒಂದು ರೇಡಿಯೋ ಸ್ಟೇಷನ್ನಿಗೆ ಬಂದಿಳಿದೆ. ಇಲ್ಲಿ ಮಗುವಿಗೆ ಹೆಸರಿಡುವಾಗ ಕಿವಿಯಲ್ಲಿ ಮೂರು ಸಲ ಹೇಳುತ್ತಾರಂತೆ. ನನ್ನ ಕಿವಿಯಲ್ಲಿ ಮೂರು ಸಲ ಹೇಳಿದ್ದು "ಹಲೋ, ಹಲೋ, ಹಲೋ." ಆಮೇಲೆ ತಲೆಗೆ ಎರಡು ಬಡಿದರು. ಮುಖಕ್ಕೆ ಫೂ ಎಂದು ಊದಿದರು. ನನಗೆ ಮೈ ಇದೆ, ಕೈ ಇಲ್ಲ. ಆದರೂ ಆವತ್ತು ಮೈಕೈ ನೋವು ಎಂದರೇನೆಂದು ಗೊತ್ತಾಯಿತು.

ಬಡಿಯದೆ, ಊದದೆ ನನ್ನನ್ನು ಮೊದಲು ಮುಟ್ಟಿದವರು ಮರಿಸ್ವಾಮಿ. ಧ್ವನಿಮುದ್ರಣ ಅವರ ಕೆಲಸ. ಅಂಗೈಯಲ್ಲಿ ಗುಬ್ಬಚ್ಚಿ ಹಿಡಿದ ಹಾಗೆ ನನ್ನನ್ನು ಹಿಡಿದು ಸ್ಟ್ಯಾಂಡಿಗೆ ಸಿಕ್ಕಿಸಿ, ಗಾಜಿನ ಗೋಡೆಯ ಆಚೆ ಹೋಗಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡರು. ಆಗ ನಮ್ಮಿಬ್ಬರ ನಡುವೆ ಒಂದು ತಂತಿ ಬಿತ್ತು. ಬಿದ್ದ ತಂತಿಯನ್ನು ಮುಟ್ಟಬಾರದು ಎನ್ನುತ್ತಾರೆ. ಈ ತಂತಿ ಮಾತ್ರ ನಲವತ್ತು ವರ್ಷ ಶಾಕ್ ಹೊಡೆಯಲಿಲ್ಲ.

ಮರಿಸ್ವಾಮಿಯವರ ಕಿವಿ ಎಂಥದ್ದೆಂದರೆ, ಪಕ್ಕದ ಕೋಣೆಯಲ್ಲಿ ಯಾರಾದರೂ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರೆ ಇಲ್ಲಿ ಅವರ ಬಲಗೈ ಮೇಲೇಳುತ್ತಿತ್ತು. "ಕಟ್!" ಹಾಡುವವರು ಅರ್ಧ ರಾಗದಲ್ಲಿ ಬಾಯಿ ತೆರೆದುಕೊಂಡೇ ನಿಲ್ಲಬೇಕು. ಟೇಪು ಹಿಂದಕ್ಕೆ ಓಡಬೇಕು. ಮತ್ತೆ ಮೊದಲಿನಿಂದ ಶುರು. ಅವರ ಎದುರಿಗೆ ಕೆಮ್ಮಿದ ಒಬ್ಬ ತಬಲಾ ವಾದಕರು ಆಮೇಲೆ ಹೊಟ್ಟೆಯಲ್ಲೇ ಕೆಮ್ಮುವುದನ್ನು ಕಲಿತರಂತೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು. ನಾನು ಕೇಳುತ್ತೇನೆ, ಇಟ್ಟುಕೊಳ್ಳುವುದು ಟೇಪು. ಆ ಕಾಲದಲ್ಲಿ ಟೇಪು ಕಮ್ಮಿ, ಕಾರ್ಯಕ್ರಮ ಜಾಸ್ತಿ. ಒಂದು ಸಲ ಪ್ರಸಾರವಾದ ಟೇಪನ್ನು ಸುತ್ತಿ ಮತ್ತೆ ಬಳಸುತ್ತಿದ್ದರು. ಹೊಸದು ಓಡಿದಷ್ಟು ದೂರ ಹಳೆಯದು ಅಳಿಸಿಹೋಗುತ್ತಿತ್ತು. ಭಾನುವಾರದ ಮಕ್ಕಳ ಕಥೆಯ ಮೇಲೆ ಬುಧವಾರ ಕೃಷಿ ಸಲಹೆ ಹತ್ತುತ್ತಿತ್ತು. ರಾಜಕುಮಾರಿಯ ಮೇಲೆ ಸಗಣಿ ಗೊಬ್ಬರ ಬೀಳುತ್ತಿತ್ತು. ಎಲ್ಲರೂ ಮಾಡುತ್ತಿದ್ದದ್ದೇ ಅದು. ಮರಿಸ್ವಾಮಿ ಎಲ್ಲರಿಗಿಂತ ಚೊಕ್ಕವಾಗಿ ಮಾಡುತ್ತಿದ್ದರು. ಕನ್ನಡದಲ್ಲಿ ಒರೆಸಿಹಾಕುವುದಕ್ಕೂ ಅಳುವಂತೆ ಮಾಡುವುದಕ್ಕೂ "ಅಳಿಸು" ಎಂದೇ ಯಾಕೆ ಹೇಳುತ್ತಾರೋ ಆಗ ನನಗೆ ತಿಳಿದಿರಲಿಲ್ಲ.

ಆ ಮಕ್ಕಳ ಕಥೆ ಹೇಳುತ್ತಿದ್ದವರು ಗಿರಿಜಾಂಬ. ಊರಿಗೆಲ್ಲ ಗಿಣಿಯಕ್ಕ. ಕಂಠ ಒಂದೇ, ಅದರೊಳಗೆ ಒಂದು ಸಂತೆ. ಮುದುಕಿ, ಮಂತ್ರಿ, ಕೋಳಿ, ಕುಂಟ ಎತ್ತು, ಎಲ್ಲರಿಗೂ ಬೇರೆ ಬೇರೆ ದನಿ. ಅವರ ಹೆಸರುವಾಸಿ ಕಥೆ ಬಾವಿಯೊಳಗಿನ ನಾಯಿಮರಿಯದ್ದು. ಒಂಟಿ ನಾಯಿಮರಿಯೊಂದು ಬಾವಿಯೊಳಗೆ ಬಗ್ಗಿ ಬೌ ಎನ್ನುತ್ತದೆ. ಒಳಗಿನಿಂದ ಬೌ ಎಂದು ಉತ್ತರ ಬರುತ್ತದೆ. ಯಾರೋ ಗೆಳೆಯ ಒಳಗೆ ಸಿಕ್ಕಿಕೊಂಡಿದ್ದಾನೆಂದು ತನ್ನ ರೊಟ್ಟಿಯಲ್ಲಿ ಅರ್ಧ ದಿನಾ ಬಾವಿಗೆ ಹಾಕುತ್ತದೆ. ಇಲ್ಲಿಗೆ ಬಂದಾಗ ಗಿರಿಜಾಂಬ ನಿಲ್ಲಿಸಿ, "ಮಕ್ಕಳೇ, ಬಾವಿಯೊಳಗೆ ಇರೋರು ನೀವೇ. ಎಲ್ಲಿ, ಎಲ್ಲರೂ ಒಂದ್ಸಲ ಉತ್ತರ ಕೊಡಿ" ಎನ್ನುತ್ತಿದ್ದರು. ಭಾನುವಾರ ಬೆಳಿಗ್ಗೆ ರೇಡಿಯೋ ಇದ್ದ ಮನೆಯ ಮಕ್ಕಳೆಲ್ಲ ಒಟ್ಟಿಗೆ ಬೊಗಳುತ್ತಿದ್ದವು. "ಸ್ವಾಮಿ, ನಿಮ್ಮ ಕಾರ್ಯಕ್ರಮದಿಂದ ನಮ್ಮ ವಠಾರಕ್ಕೆ ವಠಾರವೇ ಬೊಗಳುತ್ತಿದೆ" ಎಂದು ಒಬ್ಬರು ಸ್ಟೇಷನ್ನಿಗೆ ಕಾರ್ಡು ಹಾಕಿದ್ದರು.

ಅವರಿಬ್ಬರ ಪ್ರೀತಿ ಶುರುವಾದದ್ದು ನನ್ನ ಎದುರಿಗೇ. ಗಾಜಿನ ಆಚೆ ಅವರು, ಈಚೆ ಇವರು, ನಡುವೆ ನಾನು. ದನಿಯ ಲೆವೆಲ್ ನೋಡುವುದಕ್ಕೆ ಏನಾದರೂ ಮಾತಾಡಿ ಎಂದು ಮರಿಸ್ವಾಮಿ ಸನ್ನೆ ಮಾಡುತ್ತಿದ್ದರು. ಬೇರೆಯವರು ಒಂದು, ಎರಡು, ಮೂರು ಎನ್ನುತ್ತಿದ್ದರು. ಗಿರಿಜಾಂಬ ಒಂದು ದಿನ, "ಇವತ್ತು ಹಾಕ್ಕೊಂಡಿರೋ ಅಂಗಿ ನಿಮಗೆ ಒಪ್ಪುತ್ತೆ" ಎಂದರು. ಮೀಟರಿನ ಮುಳ್ಳಿಗಿಂತ ಜಾಸ್ತಿ ನಡುಗಿದ್ದು ಮರಿಸ್ವಾಮಿಯವರ ಕೈ. ಆಮೇಲೆ ಕಟ್ ಎಂದರು. ಆಮೇಲೆ ತಾಳಿ ಕಟ್ಟಿದರು.

ಅವರು ನಿವೃತ್ತರಾದ ವರ್ಷವೇ ನನ್ನನ್ನೂ ಕೆಲಸಕ್ಕೆ ಬಾರದ್ದೆಂದು ಕಂಡಮ್ ಮಾಡಿದರು. ಹಾರ ಸಿಕ್ಕಿದ್ದು ಅವರಿಗೆ ಮಾತ್ರ. ನನ್ನನ್ನು ಮುರಿದ ಕುರ್ಚಿ, ತುಕ್ಕು ಹಿಡಿದ ಬೀರುವಿನ ಜೊತೆ ಹರಾಜಿಗೆ ಹಾಕಿದರು. ಗುಜರಿಯವನು ತಕ್ಕಡಿ ಎತ್ತುವ ಹೊತ್ತಿಗೆ ಮರಿಸ್ವಾಮಿ ಬಂದು, ಒಂದು ಹಳೆ ಟೇಪ್ ರೆಕಾರ್ಡರಿನ ಸಮೇತ ನನ್ನನ್ನು ಬಿಡಿಸಿಕೊಂಡು ಮನೆಗೆ ತಂದರು.

ಮನೆಯೆಂದರೆ ಪಾತ್ರೆ ಅಂಗಡಿಯ ಮೇಲಿನ ಬಾಡಿಗೆ ಮನೆ. ಕೆಳಗೆ ದಿನವಿಡೀ ಕೊಳಗ ಉರುಳುತ್ತಿತ್ತು. ಮೇಲೆ ನನ್ನನ್ನು ಹೊರಗೆ ತೆಗೆಯುವ ಹಾಗೇ ಇಲ್ಲ. ಒಂದು ದಿನ ಗಿರಿಜಾಂಬ ಅವರೆಕಾಯಿ ಸುಲಿಯುತ್ತಾ ಹೇಳಿದರು, "ಇಷ್ಟು ವರ್ಷ ಮಾತಾಡಿದೀನಿ ಕಣ್ರೀ. ಕೈಯಲ್ಲಿ ಒಂದು ತುಣುಕೂ ಇಲ್ಲ. ನನ್ನ ಕಥೆ ಹ್ಯಾಗಿರುತ್ತೆ ಅಂತ ನಾನೇ ಕೂತು ಕೇಳಿಲ್ಲ."

ಮರಿಸ್ವಾಮಿ ತಲೆ ತಗ್ಗಿಸಿದರು. ಅಳಿಸಿದ ಬೆರಳು ಅವರದ್ದೇ. "ಕೇಳಿಸ್ತೀನಿ ಕಣೆ. ಒಂದು ಸದ್ದಿಲ್ಲದ ಮನೆ ಮಾಡೋಣ. ಹೋದ ದಿನಾನೇ ಬಾವಿ ಕಥೆ ಹಿಡಿಯೋಣ. ಚಿನ್ನದ ಹಾಗೆ ಹಿಡಿದಿಡ್ತೀನಿ."

"ಇಲ್ಲೇ ಹಿಡಿದ್ರೆ?"

"ಕೊಳಗದ ಮಧ್ಯೆನಾ?"

ಹೀಗೆ ನಾವು ಮೂವರೂ ಮನೆ ಹುಡುಕಲು ಹೊರಟೆವು. ಇಬ್ಬರಿಗೂ ವಯಸ್ಸಾಗಿತ್ತು, ಗಿರಿಜಾಂಬನ ಮಂಡಿ ಮೆಟ್ಟಿಲು ಕಂಡರೆ ಮುನಿಯುತ್ತಿತ್ತು. ಊರಾಚೆ ಆಗಷ್ಟೇ ನಿವೃತ್ತರಿಗೆಂದೇ ಕಾಲೊನಿಗಳು ಏಳುತ್ತಿದ್ದವು. ಊಟ ಅವರದ್ದೇ, ಡಾಕ್ಟರು ವಾರಕ್ಕೊಮ್ಮೆ, ಭಜನೆ ದಿನಾ. ಹೆಸರುಗಳೋ, ಸಂಧ್ಯಾ, ಸಾಯಂ, ಅಸ್ತಮ ಎಂದೇ. ಸೂರ್ಯ ಮುಳುಗದೆ ಅಲ್ಲಿ ಸೈಟು ಸಿಗುತ್ತಿರಲಿಲ್ಲ.

ಬೇರೆಯವರು ಮನೆ ನೋಡಲು ಹೋದರೆ ನಲ್ಲಿ ತಿರುಗಿಸುತ್ತಾರೆ, ಗೋಡೆ ತಟ್ಟುತ್ತಾರೆ, ವಾಸ್ತು ಕೇಳುತ್ತಾರೆ. ಮರಿಸ್ವಾಮಿ ನಡುಮನೆಯಲ್ಲಿ ನನ್ನನ್ನು ನಿಲ್ಲಿಸಿ, ಹೆಡ್‌ಫೋನ್ ಹಾಕಿಕೊಂಡು, "ಎಲ್ಲರೂ ಸ್ವಲ್ಪ ಉಸಿರು ಮೆಲ್ಲಗೆ ಬಿಡಿ" ಎನ್ನುತ್ತಿದ್ದರು. ಮೊದಲು ಖಾಲಿ ಮನೆಯ ಸದ್ದು ಕೇಳುವುದು. ಆಮೇಲೆ ಗಿರಿಜಾಂಬ ನನ್ನ ಮುಂದೆ ನಿಂತು ಕಥೆಯ ನಾಲ್ಕು ಸಾಲು ಹೇಳುವುದು. ಮನೆ ತೋರಿಸಲು ಬಂದವನಿಗೆ ಇವರು ಮನೆ ಕೊಳ್ಳಲು ಬಂದರೋ ನಾಟಕ ಆಡಲು ಬಂದರೋ ತಿಳಿಯುತ್ತಿರಲಿಲ್ಲ.

ಒಂದು ಕಡೆ, "ಪಿನ್ ಬಿದ್ರೂ ಕೇಳ್ಸುತ್ತೆ ಸಾರ್" ಎಂದ ಮನೆಯ ಹಿಂದೆ ಕಲ್ಯಾಣಮಂಟಪ. ಪಿನ್ ಬೀಳುವ ಮುಂಚೆ ಬ್ಯಾಂಡ್‌ಸೆಟ್ಟು ಬಿತ್ತು. ಇನ್ನೊಂದು ಕಡೆ ಕಂಬದ ಮೇಲೆ ನನ್ನ ದೊಡ್ಡಪ್ಪನ ಮಗ, ಲೌಡ್‌ಸ್ಪೀಕರು. ನಾನು ಕೇಳಲೆಂದೇ ಹುಟ್ಟಿದವನು, ಅವನು ಕೇಳಿಸದೆ ಬಿಡುವವನಲ್ಲ. ಇಂಥ ಸಂಬಂಧಿಕರ ಪಕ್ಕ ಮನೆ ಮಾಡಲು ನನಗೂ ಮನಸ್ಸಿರಲಿಲ್ಲ.

ಪ್ರತಿ ಸಲವೂ ಗಿರಿಜಾಂಬ ಹೇಳಿದ ನಾಲ್ಕು ಸಾಲು ಟೇಪಿಗೆ ಹತ್ತುತ್ತಿತ್ತು. ಪ್ರತಿ ಸಲವೂ ಮರಿಸ್ವಾಮಿ, "ಛೇ, ಕೆಟ್ಟೋಯ್ತು" ಎಂದು ಹಿಂದಕ್ಕೆ ಸುತ್ತುತ್ತಿದ್ದರು. ಮುಂದಿನ ಮನೆಯಲ್ಲಿ ಅದೇ ಟೇಪಿನ ಮೇಲೆ ಅದೇ ನಾಲ್ಕು ಸಾಲು.

ಆಮೇಲೆ ನೋಡಿದ್ದು "ಅಮೃತ ಸಂಜೆ". ಹೊಂಗೆ ಮರಗಳ ಸಾಲು, ಮುಂದೆ ಒಂದೊಂದು ಮನೆಗೂ ಜಗಲಿ. ಗಿರಿಜಾಂಬ ಗೇಟಿನಲ್ಲೇ ಸೋತುಹೋದರು. ಜಗಲಿಯ ಮೇಲೆ ಕೂತು, "ಇದೇ ಇರಲಿ ಕಣ್ರೀ" ಎಂದರು.

"ಮೊದಲು ಕಿವಿಗೆ ಒಪ್ಪಲಿ" ಎಂದರು ಮರಿಸ್ವಾಮಿ. ಮ್ಯಾನೇಜರ್ ಯೋಗಾನಂದನ ಕಡೆ ತಿರುಗಿ, "ನಾಯಿ ಇದಾವಾ ಇಲ್ಲಿ?"

"ನಾಯಿನಾ?" ಯೋಗಾನಂದ ಆ ಪ್ರಾಣಿಯ ಹೆಸರು ಮೊದಲ ಸಲ ಕೇಳಿದವನಂತೆ ಮುಖ ಮಾಡಿದ. "ಒಂದೂ ಇಲ್ಲ ಸಾರ್."

ನಿಜಕ್ಕೂ ಒಂದೂ ಕಾಣಿಸಲಿಲ್ಲ. ಮನೆ ನೋಡಲು ಜನ ಬರುವ ದಿನ ಅಡಿಗೆಯ ಸಾಕಮ್ಮ ಒಂದು ಬೋಗುಣಿ ಅನ್ನ ತಗೊಂಡು ನಾಯಿಗಳನ್ನೆಲ್ಲ ಹಿಂದಿನ ಗೇಟಿನಾಚೆ ಕರೆದುಕೊಂಡು ಹೋಗಿ ಕೂತಿರಬೇಕು, ಅದು ಆ ಕಾಲೊನಿಯ ಪದ್ಧತಿ. ಮೌನವೋ ಮೌನ. ಮರಿಸ್ವಾಮಿಯವರ ಮುಖ ಅರಳಿತು. ಗಿರಿಜಾಂಬ ನನ್ನ ಮುಂದೆ ನಿಂತು ಕಥೆ ಶುರುಮಾಡಿದರು. ಚೆನ್ನಾಗಿ ಬರುತ್ತಿತ್ತು. ಖುಷಿಯಲ್ಲಿ ನಾಲ್ಕು ಸಾಲಿಗೆ ನಿಲ್ಲಿಸದೆ ಬಾವಿಯ ತನಕ ಹೋದರು. ಬಗ್ಗಿ, "ಬೌ!" ಎಂದರು.

ಹಿಂದಿನ ಗೇಟಿನಾಚೆಯಿಂದ, "ಬೌ!"

ಅನ್ನ ಬಿಟ್ಟು, ಸಾಕಮ್ಮನನ್ನು ಬಿಟ್ಟು, ಗೇಟಿನ ಸಂದಿಯಲ್ಲಿ ನುಸುಳಿ ಒಂದು ಹಿಂಡೇ ಬಂದು ಜಗಲಿಯ ಮುಂದೆ ನಿಂತಿತು. ಯಾರೋ ತಮ್ಮವರು ಕರೆದರೆಂದು ಬಾಲ ಆಡಿಸಿಕೊಂಡು. ಹಿಂದೆಯೇ ಖಾಲಿ ಬೋಗುಣಿ ಹಿಡಿದು ಓಡಿಬಂದ ಸಾಕಮ್ಮ, "ನಾನೇನ್ ಮಾಡ್ಲಿ ಸಾ, ಒಳಗೇ ಒಂದು ಬೊಗುಳ್ತಲ್ಲಾ!" ಎಂದಳು.

ಗಿರಿಜಾಂಬ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಎದೆಯ ಹಾಳೆ ಹರಿಯುವಷ್ಟು ನಕ್ಕರು. ಒಂದು ಕೆಂದನಾಯಿ ಅವರ ಸೀರೆಯ ನೆರಿಗೆಗೆ ಮೂಗು ಉಜ್ಜುತ್ತಿತ್ತು. ಮರಿಸ್ವಾಮಿಯವರ ಕೈ ಆಗಲೇ ಮೇಲೆದ್ದಿತ್ತು. "ಕಟ್. ಈ ಮನೆ ಆಗಲ್ಲ."

"ರೀ, ಅವು ಕಥೆ ಕೇಳೋಕೆ ಬಂದಿರೋದು."

"ನಿಂಗೆ ಗೊತ್ತಾಗಲ್ಲ, ಸುಮ್ನಿರು."

ಆ ಟೇಪೂ ಹಿಂದಕ್ಕೆ ಸುತ್ತಿತು.

ಕೊನೆಗೆ ಸಿಕ್ಕಿದ್ದು "ಮೌನಧಾಮ". ಎತ್ತರದ ಕಾಂಪೌಂಡು. ನಾಯಿ ಸಾಕಬಾರದು, ಬೀದಿನಾಯಿಗೆ ಅನ್ನ ಹಾಕಬಾರದು, ಜೋರಾಗಿ ಟೀವಿ ಹಾಕಬಾರದು, ಕುಕ್ಕರು ಕೂಗಿಸಬಾರದು. ಮೊಮ್ಮಕ್ಕಳು ಬರಬಹುದು, ಓಡಬಾರದು. ಗಿರಿಜಾಂಬ ಗೋಡೆಯ ಮೇಲಿನ ಆ ಬೋರ್ಡು ಓದಿ, "ಇಲ್ಲಿ ಯಾರಾದ್ರೂ ಹೋದ್ರೆ ಅಳೋಕೂ ಪರ್ಮಿಷನ್ ತಗೋಬೇಕೇನೋ" ಎಂದರು. ಮರಿಸ್ವಾಮಿಗೆ ಕೇಳಿಸಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ದೇವರನ್ನು ಕಂಡವರಂತೆ ಕೂತಿದ್ದರು. ನಾನೂ ಕೇಳಿಸಿಕೊಂಡೆ. ಏನೂ ಇರಲಿಲ್ಲ. ಏನೇನೂ.

ಮಾತು ಮುಗಿಯಿತು. ಮನೆ ನಮ್ಮದಾಯಿತು. ಆದರೆ ಆಷಾಢ ಕಾಲಿಟ್ಟಿತ್ತು. ಆಷಾಢದಲ್ಲಿ ಹೊಸ ಮನೆಗೆ ಹೋಗುವುದುಂಟೆ? ಶ್ರಾವಣ ಬರಲಿ, ಹಾಲುಕ್ಕಿಸಿ ಹೋಗೋಣ, ಅವತ್ತೇ ಕಥೆ ಹಿಡಿಯೋಣ ಎಂದರು. ಆ ವರ್ಷ ಗಂಡಹೆಂಡತಿ ಇಬ್ಬರೂ ಜಗಳವಿಲ್ಲದೆ ಒಪ್ಪಿದ ಒಂದೇ ವಿಷಯ ಅದು.

ಆ ಆಷಾಢದಲ್ಲಿ ಗಿರಿಜಾಂಬನ ದನಿಯೊಳಗೆ ಒಂದು ಮರಳಿನ ಕಾಳು ಸೇರಿಕೊಂಡಿತು. ಮೊದಲು ತಿಳಿದದ್ದು ನನಗೆ, ಆಮೇಲೆ ಮರಿಸ್ವಾಮಿಗೆ. "ಗಂಟಲು ಕಟ್ಟಿದೆ ಕಣೆ. ಮಳೆಗಾಳಿ. ವಾಸಿಯಾಗಲಿ, ಈ ದನೀಲಿ ಹಿಡಿದ್ರೆ ಚೆನ್ನಾಗಿರಲ್ಲ" ಎಂದರು. ಅತಿಮಧುರದ ಕಡ್ಡಿ ಜಗಿಸಿದರು, ಮೆಣಸಿನ ಕಷಾಯ ಕುಡಿಸಿದರು. ಒಂದು ಕಾಳು ಒಂದು ಹಿಡಿಯಾಯಿತು. ಕೋಳಿಯ ದನಿ ಹೋಯಿತು, ಆಮೇಲೆ ಮುದುಕಿಯದ್ದು. ಕಂಠದೊಳಗಿನ ಸಂತೆ ಒಂದೊಂದೇ ಅಂಗಡಿ ಮುಚ್ಚುತ್ತಾ ಬಂತು. ಮನೆ ಸರಿಯಾಗಲೆಂದು ಕಾದರು, ತಿಂಗಳು ಸರಿಯಾಗಲೆಂದು ಕಾದರು, ಗಂಟಲು ಸರಿಯಾಗಲೆಂದು ಕಾದರು. ಅಷ್ಟು ಕಾಲವೂ ನಾನು ಪೆಟ್ಟಿಗೆಯಲ್ಲಿ ಮಖಮಲ್ಲಿನ ಮೇಲೆ ಸುಮ್ಮನೆ ಮಲಗಿದ್ದೆ.

ಡಾಕ್ಟರು ಗಂಟಲಿಗೆ ದೀಪ ಬಿಟ್ಟು ನೋಡಿ, ಗಡ್ಡೆ ಎಂದರು. ಇನ್ನು ಕಾಯುವ ಹಾಗಿಲ್ಲ, ಧ್ವನಿಪೆಟ್ಟಿಗೆ ತೆಗೆಯಬೇಕು, ಜೀವ ಉಳಿಯುತ್ತೆ, ಮಾತು ಉಳಿಯಲ್ಲ ಎಂದರು. ಇದನ್ನು ನಾನು ಕೇಳಿದ್ದು ಪೆಟ್ಟಿಗೆಯೊಳಗಿನಿಂದ, ಮನೆಗೆ ಬಂದ ಮೇಲೆ. ಮರಿಸ್ವಾಮಿ ಹೇಳಲು ಹೋಗಿ ಹೋಗಿ ನಿಲ್ಲಿಸುತ್ತಿದ್ದರು. ಗಿರಿಜಾಂಬನೇ ಆ ಒಡಕು ದನಿಯಲ್ಲಿ, "ಹೋಗಲಿ ಬಿಡಿ. ಎಷ್ಟೋ ಗಂಡಸರು ಇಂಥ ಹೆಂಡತಿ ಬೇಕು ಅಂತ ಹರಕೆ ಹೊರ್ತಾರೆ" ಎಂದರು. ಕೆಳಗೆ ಕೊಳಗ ಉರುಳುತ್ತಿತ್ತು.

ಸಂಜೆ ಆಸ್ಪತ್ರೆಗೆ ಸೇರಬೇಕಾಗಿದ್ದ ದಿನ ಬೆಳಿಗ್ಗೆ ಮರಿಸ್ವಾಮಿ ಪಾತ್ರೆ ಅಂಗಡಿಯವರಿಗೆ ಕೈಮುಗಿದು ಅರ್ಧ ದಿನ ಬಾಗಿಲು ಹಾಕಿಸಿದರು. ಕಿಟಕಿಗೆ ಕಂಬಳಿ ಹೊದಿಸಿದರು. ನನ್ನನ್ನು ಹೊರಗೆ ತೆಗೆದು ನಿಲ್ಲಿಸಿದರು. ಗಿರಿಜಾಂಬ ಮದುವೆಗೆ ಹೋಗುವವರಂತೆ ರೇಷ್ಮೆ ಸೀರೆ ಉಟ್ಟು ನನ್ನ ಮುಂದೆ ಕೂತರು.

"ಲೆವೆಲ್ ನೋಡೋಕೆ ಏನಾದ್ರೂ ಮಾತಾಡು" ಎಂದರು ಮರಿಸ್ವಾಮಿ.

"ಇವತ್ತು ಹಾಕ್ಕೊಂಡಿರೋ ಅಂಗಿ ನಿಮಗೆ ಒಪ್ಪಲ್ಲ" ಎಂದರು ಗಿರಿಜಾಂಬ. ಮುಳ್ಳು ನಡುಗಿತು.

ಕಥೆ ಶುರುವಾಯಿತು. ಎಲ್ಲಿ ಅಡಗಿಸಿಟ್ಟುಕೊಂಡಿದ್ದರೋ, ದನಿ ಬಂತು. ಹಳೆಯ ಬೆಳ್ಳಿಯಂಥ ದನಿಯಲ್ಲ, ತಿಕ್ಕದ ಹಿತ್ತಾಳೆಯಂಥದ್ದು. ಆದರೆ ಎಲ್ಲ ಅಂಗಡಿಯೂ ಮತ್ತೆ ತೆರೆದಿತ್ತು. ಒಂಟಿ ನಾಯಿಮರಿ ಬಂತು, ರೊಟ್ಟಿ ಬಂತು, ಬಾವಿ ಬಂತು. ಗಿರಿಜಾಂಬ ಬಗ್ಗಿ, "ಬೌ!" ಎಂದರು.

ಕೆಳಗೆ ಬೀದಿಯಲ್ಲಿ ಅಂಗಡಿಯ ಮೆಟ್ಟಿಲ ಮೇಲೆ ಮಲಗಿದ್ದ ನಾಯಿ ತಲೆ ಎತ್ತಿ, "ಬೌ!" ಎಂದಿತು.

ಗಿರಿಜಾಂಬ ಫಕ್ಕನೆ ನಕ್ಕರು. ನಗುತ್ತಲೇ, "ನೋಡಿದ್ರಾ ಮಕ್ಕಳೇ, ಒಳಗೆ ಯಾರೋ ಇದಾರೆ" ಎಂದರು.

ಮರಿಸ್ವಾಮಿಯವರ ಕೈ ಮೇಲೆದ್ದಿತು. "ಕಟ್!"

ಕೈ ಎತ್ತಿದ್ದು ಅವರಲ್ಲ, ನಲವತ್ತು ವರ್ಷದ ಅಭ್ಯಾಸ. ಕೈ ಅವರಿಗಿಂತ ಹಳೆಯ ನೌಕರ, ಯಾರನ್ನೂ ಕೇಳದೆ ಕೆಲಸ ಮುಗಿಸಿತ್ತು. "ತುಂಬಾ ಚೆನ್ನಾಗಿ ಬರ್ತಿತ್ತು ಕಣೆ. ಹಾಳಾದ್ದು ನಾಯಿ. ಇನ್ನೊಂದೇ ಸಲ, ಮೊದಲಿಂದ" ಎಂದು ಟೇಪನ್ನು ಪೂರ್ತಿ ಹಿಂದಕ್ಕೆ ಸುತ್ತಿ ಮತ್ತೆ ಗುಂಡಿ ಒತ್ತಿದರು.

ಗಿರಿಜಾಂಬ ಬಾಯಿ ತೆರೆದರು. ದನಿ ಬರಲಿಲ್ಲ. ನೀರು ಕುಡಿದರು. ಕೆಮ್ಮಿದರು. "ಒಂದೂರಲ್ಲಿ" ಎಂದರು, ಅದು ಬರೀ ಗಾಳಿ. ಮತ್ತೆ ಪ್ರಯತ್ನ ಮಾಡಿದರು. ಟೇಪು ಓಡುತ್ತಿತ್ತು. ಓಡಿದಷ್ಟು ದೂರ ಹಳೆಯದು ಅಳಿಸುತ್ತಿತ್ತು. ಈ ಸಲ ಮರಿಸ್ವಾಮಿ ಕಟ್ ಎನ್ನಬೇಕಿತ್ತು. ಆದರೆ ಹೆಂಡತಿಯ ಕೊನೆಯ ಮಾತಿಗೆ ಕಟ್ ಎನ್ನಲು ಯಾವ ಗಂಡನಿಗೆ ಬಾಯಿ ಬರುತ್ತದೆ? ಬಂದೀತು, ಈಗ ಬಂದೀತು ಎಂದು ಕಣ್ಣಲ್ಲೇ ಹುರಿದುಂಬಿಸುತ್ತಾ ಕೂತರು. ನಾನು ಕೂಗಿಕೊಂಡೆ, ನಿಲ್ಲಿಸಿ ಸ್ವಾಮಿ ಎಂದು. ಕೇಳುವವನ ಕೂಗು ಯಾರಿಗೆ ಕೇಳಬೇಕು? ಕೊನೆಗೆ ಗಿರಿಜಾಂಬನೇ ಕೈ ಎತ್ತಿದರು. ಅವರು ಎತ್ತಿದ ಮೊದಲನೆಯ ಕಟ್ ಅದು.

ಆಸ್ಪತ್ರೆಯಿಂದ ಬಂದ ಮೇಲೆ ಮರಿಸ್ವಾಮಿ ಆ ಟೇಪು ಹಾಕಿ ಕೇಳಿದರು. ಉದ್ದಕ್ಕೂ ಕೆಮ್ಮು, ಗಾಳಿ, ಲೋಟದ ಸದ್ದು. ನಿಲ್ಲಿಸಲು ಹೋಗುವಷ್ಟರಲ್ಲಿ, ಎರಡನೆಯ ಸಲದ್ದು ಮುಗಿದ ಜಾಗದಾಚೆ, ಅಳಿಸದೆ ಉಳಿದಿದ್ದ ಮೊದಲನೆಯದರ ಬಾಲ ಕೇಳಿಸಿತು. "ಬೌ!" ನಾಯಿಯ "ಬೌ!" ನಗು. "ನೋಡಿದ್ರಾ ಮಕ್ಕಳೇ, ಒಳಗೆ ಯಾರೋ ಇದಾರೆ." ಆಮೇಲೆ ಮರಿಸ್ವಾಮಿಯವರದ್ದೇ ದನಿ, "ಕಟ್!"

ಅಷ್ಟೇ. ಒಂದು ಬೊಗಳು, ಒಂದು ನಗು, ಒಂದು ಸಾಲು. ಕೆಟ್ಟುಹೋಯಿತೆಂದು ಬಿಸಾಡಿದ್ದೇ ಉಳಿದಿತ್ತು.

ಶ್ರಾವಣ ದಾಟಿ, ಕಾರ್ತಿಕದಲ್ಲಿ ಹಾಲುಕ್ಕಿಸಿ ಮೌನಧಾಮಕ್ಕೆ ಹೋದೆವು. ಸದ್ದಿಲ್ಲದ ಮನೆ, ಸದ್ದಿಲ್ಲದ ಹೆಂಡತಿ. ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಗಿರಿಜಾಂಬ ಕಿಟಕಿಯ ಹತ್ತಿರ ಕೂರುತ್ತಿದ್ದರು. ಅಲ್ಲಿನ ನಿಶ್ಶಬ್ದದ ಬೆಲೆ ಎಷ್ಟೆಂದು ಆಮೇಲೆ ನಮಗೆ ತಿಳಿಯಿತು. ದಿನಾ ಸಂಜೆ ಮರಿಸ್ವಾಮಿ ಟೇಪು ಹಾಕುತ್ತಿದ್ದರು. ಹೆಂಡತಿ ತನ್ನ ದನಿ ತಾನು ಕೂತು ಕೇಳಬೇಕೆಂದಿದ್ದರಲ್ಲ. ಬೌ, ಬೌ, ನಗು, ಒಂದು ಸಾಲು. ಕಟ್ ಬರುವ ಮುಂಚೆ ಗುಂಡಿ ಒತ್ತಿಬಿಡುತ್ತಿದ್ದರು. ಒಂದೊಂದು ದಿನ ಬೆರಳು ತಡವಾಗುತ್ತಿತ್ತು. ಆ ದಿನ ಅವರು ಊಟ ಮಾಡುತ್ತಿರಲಿಲ್ಲ.

ಎತ್ತರದ ಕಾಂಪೌಂಡಿನೊಳಗೆ ನಾಯಿ ಬೊಗಳಿದರೆ ಜನ ಬಿಟ್ಟಾರೆಯೆ? ಸಂಘದ ಕಾರ್ಯದರ್ಶಿ ರುದ್ರಾರಾಧ್ಯರು ಇಬ್ಬರು ಸದಸ್ಯರ ಸಮೇತ ಬಂದರು. ಒಬ್ಬರ ಕೈಯಲ್ಲಿ ಕೋಲು ಬೇರೆ.

"ಸ್ವಾಮಿ, ನಿಮ್ಮನೇಲಿ ನಾಯಿ ಇದೆ ಅಂತ ಕಂಪ್ಲೇಂಟು."

ಮರಿಸ್ವಾಮಿ ತಲೆ ಎತ್ತಲಿಲ್ಲ. "ಇದೆ" ಎಂದರು.

"ಇದೆಯಾ! ಬೋರ್ಡು ಓದಿಲ್ವಾ ನೀವು? ಎಲ್ಲಿ ಕಟ್ಟಿದೀರಿ?"

"ಕಟ್ಟಿಲ್ಲ."

ಕೋಲಿನವರು ಮಂಚದ ಕೆಳಗೆ ಬಗ್ಗಿ ನೋಡಿದರು. ಬಚ್ಚಲ ಬಾಗಿಲು ತೆಗೆದರು. "ಇಲ್ಲೆಲ್ಲೂ ಇಲ್ವಲ್ರೀ ಸೆಕ್ರೆಟರಿಗಳೇ. ಎರಡಿರಬೇಕು, ನನಗೆ ಎರಡು ದನಿ ಕೇಳ್ಸಿದೆ."

"ಹೊರಗೆ ಕರೀರಿ ಸ್ವಾಮಿ, ನೋಡೋಣ" ಎಂದರು ರುದ್ರಾರಾಧ್ಯರು.

"ನಾನು ಕರೆದ್ರೆ ಬರಲ್ಲ ಸಾರ್" ಎಂದರು ಮರಿಸ್ವಾಮಿ. "ಅವಳು ಕರೆದ್ರೆ ಮಾತ್ರ ಬರುತ್ತೆ."

ರುದ್ರಾರಾಧ್ಯರು ಕಿಟಕಿಯ ಕಡೆ ತಿರುಗಿ, ಕೊಂಚ ಮೆತ್ತಗಾಗಿ, "ಹಾಗಾದ್ರೆ ನೀವೇ ಒಂದ್ಸಲ ಕರೀರಿ ತಾಯಿ" ಎಂದರು. ಹೊಸದಾಗಿ ಬಂದವರ ಮನೆಯ ಸಂಗತಿ ಅವರಿಗೇನು ಗೊತ್ತು, ಪಾಪ.

ಗಿರಿಜಾಂಬ ಎದ್ದು ನಿಂತರು. ಸೆರಗು ಸರಿಮಾಡಿಕೊಂಡರು. ನಲವತ್ತು ವರ್ಷ ಹೇಗೆ ಬಗ್ಗುತ್ತಿದ್ದರೋ ಹಾಗೇ ಇಲ್ಲದ ಬಾವಿಯೊಳಗೆ ಬಗ್ಗಿದರು. ತುಟಿ ಬೌ ಎಂದಿತು. ಕೊರಳ ಬಟ್ಟೆಯ ಹಿಂದೆ ಉಸಿರು ಹ್ ಎಂದು ಹೊರಟಿತು. ಅದು ಕೇಳಿಸಿದ್ದು ಮೇಜಿನ ಮೇಲಿದ್ದ ನನಗೊಬ್ಬನಿಗೇ. ಉಳಿದವರಿಗೆ ಕೇಳಿಸಿದ್ದು ಮೌನಧಾಮದ ಮೌನ.

ಯಾರೂ ಉತ್ತರ ಕೊಡಲಿಲ್ಲ.

ರುದ್ರಾರಾಧ್ಯರ ಕಣ್ಣು ಕೊರಳ ಬಟ್ಟೆಯ ಮೇಲೆ ನಿಂತಿತು. ಆಮೇಲೆ ಮೇಜಿನ ಮೇಲಿನ ಟೇಪ್ ರೆಕಾರ್ಡರಿನ ಮೇಲೆ. ಕೋಲಿನವರ ಕೈಯಿಂದ ಕೋಲು ತಾವೇ ತೆಗೆದುಕೊಂಡು, ಚಪ್ಪಲಿ ಸದ್ದಾಗದಂತೆ ಹೊರಗೆ ಹೋದರು. ಬಾಗಿಲನ್ನು ಅಷ್ಟು ಮೆಲ್ಲಗೆ ಎಳೆದುಕೊಂಡವರನ್ನು ನಾನು ನನ್ನ ಜೀವಮಾನದಲ್ಲಿ ಕೇಳಿಲ್ಲ.

ಮರಿಸ್ವಾಮಿ ಹೆಂಡತಿಯನ್ನು ನೋಡಿದರು. "ಇಷ್ಟು ಮನೆ ಸುತ್ತಿದ್ವಿ. ನಿನ್ನ ಮಾತು ನಾನು ಕೇಳ್ಲಿಲ್ಲ ಕಣೆ, ನಿನಗೆ ಮಾತಿದ್ದಾಗ" ಎಂದರು. ಕಿವಿಯಿಂದಲೇ ಬದುಕಿದ ಮನುಷ್ಯ ಮುಖಕ್ಕೆ ಟವೆಲು ಮುಚ್ಚಿಕೊಂಡು ಅತ್ತರು. ಅಳಿಸಲು ಆ ಮನೆಯಲ್ಲಿ ಇನ್ನೇನೂ ಉಳಿದಿರಲಿಲ್ಲ. ಪರ್ಮಿಷನ್ ಯಾರೂ ಕೇಳಲಿಲ್ಲ.

ಈಗ ನಾವು ಅಮೃತ ಸಂಜೆಯಲ್ಲಿದ್ದೇವೆ. ಆ ಮನೆ ಬಿಟ್ಟು ಈ ಮನೆಗೆ ಬಂದದ್ದನ್ನು ನೋಡಿ ಯೋಗಾನಂದ, "ಸಾರ್, ಎಲ್ಲರೂ ನ್ಯಾಯವಾಗಿ ನಾಯಿ ಇಲ್ಲದ ಮನೆ ಕೇಳ್ತಾರೆ" ಎಂದ. "ನಮಗೆ ನಾಯಿ ಇರೋದೇ ಕೊಡಪ್ಪ" ಎಂದರು ಮರಿಸ್ವಾಮಿ.

ಬಂದ ದಿನ ಗಿರಿಜಾಂಬ ಜಗಲಿಯ ಮೇಲೆ ಕೂತರು. ನಾಯಿಗಳು ದೂರದಲ್ಲಿ ನಿಂತು ನೋಡಿದವು. ಅವರು ಬಗ್ಗಿ ತುಟಿಯಲ್ಲಿ ಬೌ ಎಂದರು. ನಾಯಿಗಳು ಕಿವಿ ನಿಮಿರಿಸಿಕೊಂಡು ಅವರ ಬಾಯಿಯನ್ನೇ ನೋಡುತ್ತಾ ಕಾದವು. ಆ ಕೆಂದನಾಯಿ ಕತ್ತು ಓರೆ ಮಾಡಿತು. ಏನೂ ಕೇಳಿಸದೆ ಒಂದೊಂದೇ ತಿರುಗಿ ಹೋದವು. ಗಿರಿಜಾಂಬ ಕೈಯಲ್ಲಿದ್ದ ಬನ್ನನ್ನು ಅರ್ಧ ಮಾಡಿ ಜಗಲಿಯ ತುದಿಯಲ್ಲಿಟ್ಟರು. ಇನ್ನರ್ಧ ತಾವು ತಿನ್ನಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಕೂತಿದ್ದರು.

ನನಗೂ ವಯಸ್ಸಾಯಿತು. ನನ್ನ ಎದೆಯ ಹಾಳೆ ಸಡಿಲವಾಗಿದೆ. ತಂತಿಯನ್ನು ಬಿಚ್ಚಿದ್ದಾರೆ. ನನ್ನ ಜಾಗ ಜಗಲಿಯ ಕಿಟಕಿಯಲ್ಲಿ, ಅತಿಮಧುರದ ಡಬ್ಬಿಯ ಪಕ್ಕ. ಒಂದು ಕಾಲದಲ್ಲಿ ಎಲ್ಲವನ್ನೂ ಅಳಿಸುತ್ತಿದ್ದ ಮರಿಸ್ವಾಮಿ ಈಗ ಆ ಚೂರಿನ ಕಾಪಿಗಳನ್ನು ಮಾಡಿಸಿ ಒಂದನ್ನು ಅಕ್ಕಿ ಡಬ್ಬದಲ್ಲಿ, ಒಂದನ್ನು ದೇವರ ಮನೆಯಲ್ಲಿ ಇಟ್ಟಿದ್ದಾರೆ. ಅವರಿಗೆ ಗೊತ್ತಿಲ್ಲದ್ದು ಒಂದಿದೆ. ಗಿರಿಜಾಂಬ ಹೇಳಿದ ಕಥೆಗಳೆಲ್ಲ ನನ್ನೊಳಗೆ ಇವೆ, ಕೋಳಿ, ಕುಂಟ ಎತ್ತು, ಅಂಗಿ ಒಪ್ಪುತ್ತೆ ಎಂದದ್ದೂ. ಒಳಗೆ ಹೋಗಲು ನನಗೆ ದಾರಿ ಕೊಟ್ಟ ಆ ಕನ್ನಡಕದ ಹೆಂಗಸು ಹೊರಗೆ ಬರಲು ದಾರಿ ಇಡಲಿಲ್ಲ.

ದಿನಾ ಸಂಜೆ ಜಗಲಿಯಲ್ಲಿ ಟೇಪು ಓಡುತ್ತದೆ. ಗಿರಿಜಾಂಬ ತಮ್ಮ ದನಿಗೆ ತಾವೇ ತುಟಿ ಕೂಡಿಸುತ್ತಾರೆ. "ಬೌ!" ಎಂದ ಕೂಡಲೇ ಹೊಂಗೆ ಮರಗಳ ಕೆಳಗಿಂದ, ಹಿಂದಿನ ಗೇಟಿನಿಂದ, ಸಾಕಮ್ಮನ ಅಡಿಗೆಮನೆಯ ಮೆಟ್ಟಿಲಿಂದ ನಾಯಿಗಳೆಲ್ಲ ಎದ್ದು ಉತ್ತರ ಕೊಡುತ್ತಾ ಓಡಿಬರುತ್ತವೆ. ಮರಿಸ್ವಾಮಿ ಈಗ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂರುವುದಿಲ್ಲ. ನಗು ಮುಗಿದು, ಆ ಸಾಲು ಮುಗಿದು, ಟೇಪು ತಾನೇ ಓಡಿ ನಿಲ್ಲುವವರೆಗೂ ಬಿಡುತ್ತಾರೆ. ಅಷ್ಟು ಹೊತ್ತಿಗೆ ನಾಯಿಗಳ ಬೊಗಳು ಎಷ್ಟು ಜೋರಾಗಿರುತ್ತದೆಂದರೆ, ಕೊನೆಯಲ್ಲಿರುವ ಆ ಒಂದು ಪದ ಯಾರಿಗೂ ಕೇಳಿಸುವುದಿಲ್ಲ.

ನನಗೆ ಕೇಳಿಸುತ್ತದೆ.